ಬ್ಯಾರೆಲ್ಲಿಗಿಂತ ಮೊದಲು ಗುಂಡು ಆರಿಸಿ

ಅಕ್ಕನ ಮಗ ಡಲ್ಲಾಸ್‌ನಿಂದ ಫೋನ್ ಮಾಡಿದ್ದ. ಎಫ್-ಕ್ಲಾಸ್ ಶೂಟಿಂಗ್ (ಮಲಗಿ, ರೈಫಲ್ಲನ್ನು ಆಸರೆಯ ಮೇಲಿಟ್ಟು, ಟೆಲಿಸ್ಕೋಪ್ ಮೂಲಕ ದೂರದ ಗುರಿಗೆ ಹೊಡೆಯುವ ಪಂದ್ಯ) ಶುರು ಮಾಡಬೇಕು ಅಂತ ಅವನಿಗೆ ತುಂಬಾ ದಿನದ ಆಸೆ. .308 ವಿಂಚೆಸ್ಟರ್ ತೋಟೆಗೆ, ಅಂದರೆ .308 ಇಂಚು ದಪ್ಪದ ಗುಂಡಿಗೆ, ಒಂದು ರೈಫಲ್ ಕಟ್ಟಿಸಲು ದುಡ್ಡು ಕೂಡಿಟ್ಟಿದ್ದಾನೆ. "ಮಾವ, ಬ್ಯಾರೆಲ್ 26 ಇಂಚು ತಗೊಳ್ಲಾ, 30 ತಗೊಳ್ಲಾ? ಟ್ವಿಸ್ಟ್ ಹತ್ತಾ, ಹನ್ನೆರಡಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ" ಅಂದ.

"ಯಾವ ಗುಂಡು ಹೊಡೀತೀಯ?" ಅಂತ ಕೇಳಿದೆ.

"ಅದನ್ನ ಆಮೇಲೆ ನೋಡಿದರಾಯ್ತು ಅಂದ್ಕೊಂಡಿದ್ದೆ."

ರೇಂಜಿಗೆ ಹೊಸದಾಗಿ ಬರುವ ಮುಕ್ಕಾಲು ಪಾಲು ಜನ ಹೀಗೇ ಹೇಳುತ್ತಾರೆ. ಬ್ಯಾರೆಲ್ ದೊಡ್ಡ ಖರ್ಚು, ಗುಂಡು ಚಿಕ್ಕ ಖರ್ಚು. ಹಾಗಾಗಿ ದೊಡ್ಡದನ್ನು ಮೊದಲು ತೀರ್ಮಾನ ಮಾಡುತ್ತಾರೆ. ಆದರೆ ಲೆಕ್ಕ ನಡೆಯುವುದು ಉಲ್ಟಾ. ಮೊದಲು ಎಷ್ಟು ದೂರಕ್ಕೆ ಹೊಡೆಯುತ್ತೀರಿ ಅಂತ ನೋಡಬೇಕು. ಆ ದೂರಕ್ಕೆ ಗುಂಡು. ಆ ಗುಂಡಿಗೆ ಟ್ವಿಸ್ಟ್, ಅಂದರೆ ಬ್ಯಾರೆಲ್ಲಿನೊಳಗಿನ ಗೀರಿನ ಸುರುಳಿ. ಬ್ಯಾರೆಲ್ಲಿನ ಉದ್ದ ಕೊನೆಗೆ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಸೋಮವಾರಪೇಟೆ ಕಡೆಯವನು. ಪೀಣ್ಯದ ಟೂಲ್‌ರೂಮಿನಲ್ಲಿ ಲೇತ್ ಕಲಿತವನು. ಈಗ ಅರಿಜೋನಾದ ಮೆಸಾದಲ್ಲಿ ವಿಮಾನದ ಬಿಡಿಭಾಗ ಮಾಡುವ ಶಾಪಿನಲ್ಲಿ ಕೆಲಸ. ರಜೆ ಸಿಕ್ಕರೆ ಫೀನಿಕ್ಸ್‌ನ ಉತ್ತರಕ್ಕಿರುವ ಬೆನ್ ಏವರಿ ರೇಂಜಿಗೆ ಹೋಗುತ್ತೇನೆ. ಅಲ್ಲಿ 1000 ಗಜದವರೆಗೆ ಹೊಡೆಯಬಹುದು. ಊರಲ್ಲಿ ಕೈಲ್‌ಪೊಳ್ದ್ ಹಬ್ಬದ ಸಮಯಕ್ಕೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆಯುವುದನ್ನು ನೋಡುತ್ತಲೇ ಬೆಳೆದೆ. ಆದರೆ ನಮ್ಮ ಮನೆಗಳಲ್ಲಿದ್ದ 12 ಬೋರ್ ಕೋವಿಯ ನಳಿಗೆ ಒಳಗೆ ನುಣುಪು. ಟ್ವಿಸ್ಟ್ ಅನ್ನುವ ಮಾತೇ ಅಲ್ಲಿ ಬರುವುದಿಲ್ಲ. ರೈಫಲ್ ಬೇರೆಯದೇ ಲೋಕ.

ರೈಫಲ್ ಬ್ಯಾರೆಲ್ಲಿನ ಒಳಗೋಡೆಯಲ್ಲಿ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರಿಗೆ ಕಚ್ಚಿಕೊಂಡು ತಿರುಗುತ್ತಾ ಹೋಗುತ್ತದೆ. ಎಷ್ಟು ಇಂಚು ಮುಂದೆ ಹೋದರೆ ಒಂದು ಪೂರ್ತಿ ಸುತ್ತು ಆಗುತ್ತದೋ ಅದೇ ಟ್ವಿಸ್ಟ್. ಹನ್ನೆರಡಕ್ಕೊಂದು ಅಂದರೆ 12 ಇಂಚಿಗೆ ಒಂದು ಸುತ್ತು. ಎಂಟಕ್ಕೊಂದು ಅಂದರೆ 8 ಇಂಚಿಗೇ ಒಂದು ಸುತ್ತು, ಅಂದರೆ ಜಾಸ್ತಿ ಬಿಗಿ. ಸಂಖ್ಯೆ ಚಿಕ್ಕದಾದಷ್ಟೂ ತಿರುಗುವ ವೇಗ ಹೆಚ್ಚು.

24 ಇಂಚಿನ, ಹನ್ನೆರಡಕ್ಕೊಂದು ಬ್ಯಾರೆಲ್ಲಿನೊಳಗೆ ಗುಂಡು ತಿರುಗುವುದು ಬರೀ ಎರಡು ಸುತ್ತು. ಆದರೆ ಅದು ಸೆಕೆಂಡಿಗೆ 2,600 ಅಡಿ ವೇಗದಲ್ಲಿ ಆಚೆ ಬಂದಾಗ ನಿಮಿಷಕ್ಕೆ 1,56,000 ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ. ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟ್‌ನಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ನೀವೇ ಮಾಡಿ ನೋಡಿ.

ಇಷ್ಟೊಂದು ತಿರುಗುವಿಕೆ ಯಾಕೆ ಬೇಕು? ಉದ್ದನೆಯ ಗುಂಡಿನ ತೂಕದ ಕೇಂದ್ರ ಹಿಂದೆ ಇರುತ್ತದೆ, ಗಾಳಿ ಒತ್ತುವ ಜಾಗ ಮುಂದೆ ಇರುತ್ತದೆ. ಸುಮ್ನೆ ಬಿಟ್ಟರೆ ಗಾಳಿ ಅದರ ಮೂಗನ್ನು ತಳ್ಳಿ ಪಲ್ಟಿ ಹೊಡೆಸುತ್ತದೆ. ಬುಗುರಿ ಬೀಳದೆ ನಿಲ್ಲುವ ಹಾಗೆ ಗುಂಡೂ ತಿರುಗುವುದರಿಂದಲೇ ನೆಟ್ಟಗಿರುತ್ತದೆ. ಗುಂಡು ಉದ್ದವಾದಷ್ಟೂ ಅದನ್ನು ಹಿಡಿದಿಡಲು ಜಾಸ್ತಿ ಸುತ್ತು ಬೇಕು.

ಇಲ್ಲಿ ಗಮನ ಇಡಬೇಕಾದ್ದು ಉದ್ದ, ತೂಕವಲ್ಲ. ಅಂಗಡಿಯಲ್ಲಿ, ರೇಂಜಿನಲ್ಲಿ ಎಲ್ಲರೂ "168 ಗ್ರೇನ್, 175 ಗ್ರೇನ್" ಅಂತ ತೂಕದಲ್ಲೇ ಮಾತಾಡುತ್ತಾರೆ (ಗ್ರೇನ್ ಅಂದರೆ ಗುಂಡು ತೂಗುವ ಚಿಕ್ಕ ಅಳತೆ). ಸೀಸ ತುಂಬಿದ ಗುಂಡುಗಳಲ್ಲಿ ತೂಕ ಹೆಚ್ಚಾದರೆ ಸಾಮಾನ್ಯವಾಗಿ ಉದ್ದವೂ ಹೆಚ್ಚು, ಹಾಗಾಗಿ ಕೆಲಸ ನಡೆಯುತ್ತದೆ. ಆದರೆ ಪೂರ್ತಿ ತಾಮ್ರದ ಗುಂಡು ತಗೊಳ್ಳಿ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗಲೇಬೇಕು. ಸೀಸದ 168 ಚೆನ್ನಾಗಿ ಹೋದ ಬ್ಯಾರೆಲ್ಲಿನಲ್ಲಿ ತಾಮ್ರದ 168 ಹೋಗದೇ ಇರಬಹುದು. ಅದಕ್ಕೇ ನಾನು ತೋಟೆ ತುಂಬುವ ಬೆಂಚಿನ ಮೇಲೆ ತಕ್ಕಡಿಯ ಪಕ್ಕದಲ್ಲೇ ಉದ್ದ ಅಳೆಯುವ ವರ್ನಿಯರ್ ಇರುತ್ತದೆ.

ಲೆಕ್ಕಕ್ಕೆ ಹಳೆಯ ದಾರಿ ಒಂದಿದೆ. ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞ ವುಲಿಚ್‌ನಲ್ಲಿ ಫಿರಂಗಿ ಪಡೆಯ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ. 1879ರಲ್ಲಿ ಅವನು ಕೊಟ್ಟ ಸೂತ್ರ ಬಲು ಸರಳ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ, ಎಲ್ಲಾ ಇಂಚಿನಲ್ಲಿ. ಸಿಯೆರಾ ಕಂಪನಿಯ 175 ಗ್ರೇನ್ ಮ್ಯಾಚ್‌ಕಿಂಗ್ ಗುಂಡು ಸುಮಾರು 1.24 ಇಂಚು ಉದ್ದ. .308ರ ವರ್ಗ 0.0949. ಅದನ್ನು 150ರಿಂದ ಗುಣಿಸಿದರೆ 14.23. 1.24ರಿಂದ ಭಾಗಿಸಿದರೆ 11.5. ಅಂದರೆ ಹನ್ನೊಂದೂವರೆಗೆ ಒಂದು ಸುತ್ತು. ಕ್ಯಾಲ್ಕುಲೇಟರ್ ಕೂಡ ಬೇಡ.

ಆದರೆ ಗ್ರೀನ್‌ಹಿಲ್ ಸೂತ್ರ ಆ ಕಾಲದ ಗುಂಡಿನ ಆಕಾರಕ್ಕೆ ಹೊಂದುವಂಥದ್ದು. ಈಗಿನ ಗುಂಡುಗಳಿಗೆ ಉದ್ದನೆಯ ಚೂಪು ಮೂಗು, ಹಿಂದೆ ದೋಣಿಯ ಬಾಲದಂತೆ ಸಣ್ಣಗಾಗುವ ತುದಿ. ಈಗ ನಾವೆಲ್ಲ ಬಳಸುವುದು ಡಾನ್ ಮಿಲ್ಲರ್ 2005ರಲ್ಲಿ ಬರೆದ ಸೂತ್ರ. ಅದು ವ್ಯಾಸ, ಉದ್ದ, ತೂಕ, ಟ್ವಿಸ್ಟ್ ತಗೊಂಡು ಒಂದು ಸ್ಥಿರತೆಯ ಅಂಕಿ ಕೊಡುತ್ತದೆ. ವೇಗಕ್ಕೂ ಗಾಳಿಗೂ ಅದರಲ್ಲಿ ಸಣ್ಣ ತಿದ್ದುಪಡಿ ಇದೆ. ಅಂಕಿ 1ಕ್ಕಿಂತ ಕಡಿಮೆಯಾದರೆ ಗುಂಡು ಪಲ್ಟಿ. 1.5 ಇದ್ದರೆ ನೆಮ್ಮದಿ. ನಡುವೆ ಇದ್ದರೆ ಗುಂಡು ನೆಟ್ಟಗೆ ಹೋದ ಹಾಗೇ ಕಾಣುತ್ತದೆ, ಹತ್ತಿರದ ದೂರದಲ್ಲಿ ಗ್ರೂಪ್, ಅಂದರೆ ತೂತುಗಳ ಗುಂಪು, ಕೂಡ ಚೆನ್ನಾಗಿರಬಹುದು. ಆದರೆ ಒಳಗೊಳಗೇ ಸ್ವಲ್ಪ ಓಲಾಡುತ್ತಿರುತ್ತದೆ, ಗಾಳಿಯ ತಡೆ ಜಾಸ್ತಿಯಾಗುತ್ತದೆ, ವೇಗ ಬೇಗ ಇಳಿಯುತ್ತದೆ. ಅದರ ನಷ್ಟ ಕಾಣುವುದು ದೂರದ ಗುರಿಯ ಬೋರ್ಡಿನ ಮೇಲೆ.

ಇನ್ನೂ ಸಣ್ಣ ಗುಂಡಿನ .223 ತೋಟೆಯ ಲೆಕ್ಕ ನೋಡಿದರೆ ಇದು ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತದೆ. ಸಿಯೆರಾದ 80 ಗ್ರೇನ್ ಗುಂಡು ಹತ್ತಿರ ಹತ್ತಿರ 27 ಮಿಲಿಮೀಟರ್ ಉದ್ದ. ಎಂಟಕ್ಕೊಂದು ಬ್ಯಾರೆಲ್ಲಿನಲ್ಲಿ ಮಿಲ್ಲರ್ ಅಂಕಿ ಸುಮಾರು 1.49. ಒಂಬತ್ತಕ್ಕೊಂದು ಮಾಡಿದರೆ 1.18ಕ್ಕೆ ಇಳಿಯುತ್ತದೆ. ಏಳಕ್ಕೊಂದು ಮಾಡಿದರೆ 1.94ಕ್ಕೆ ಏರುತ್ತದೆ. ಒಂದೇ ಒಂದು ಇಂಚಿನ ವ್ಯತ್ಯಾಸ! ಹನ್ನೆರಡಕ್ಕೊಂದು ಬ್ಯಾರೆಲ್ಲಿನಲ್ಲಿ ಅದೇ ಗುಂಡಿಗೆ ಸಿಗುವುದು 0.66 ಅಷ್ಟೇ. ಅಂಥ ಗುಂಡು ಬಿದ್ದ ಬೋರ್ಡನ್ನು ಕ್ಲಬ್ಬಿನ ಒಬ್ಬರು ತಂದು ತೋರಿಸಿದ್ದರು. ದುಂಡನೆಯ ತೂತಿನ ಬದಲು ಗುಂಡು ಅಡ್ಡ ಮಲಗಿ ಹರಿದ ಉದ್ದನೆಯ ಸೀಳು. ಕಾಗದದ ಮೇಲೆ ಗುಂಡಿನ ಇಡೀ ಪಕ್ಕದ ಆಕಾರ ಅಚ್ಚಾಗಿತ್ತು, ಬಾಲದ ಹತ್ತಿರ ಸಣ್ಣಗಾಗಿರುವುದೂ ಕಾಣುತ್ತಿತ್ತು.

ಗಾಳಿಯ ತಣ್ಣಗೆ-ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಚಳಿಗಾಳಿ ದಪ್ಪ, ಗುಂಡನ್ನು ಜೋರಾಗಿ ತಳ್ಳುತ್ತದೆ. 59 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 1.49 ಇದ್ದದ್ದು 20 ಡಿಗ್ರಿಯಲ್ಲಿ 1.38 ಆಗುತ್ತದೆ, ನಮ್ಮ ಫೀನಿಕ್ಸ್‌ನ 100 ಡಿಗ್ರಿಯಲ್ಲಿ 1.6 ದಾಟುತ್ತದೆ. ಅಮೆರಿಕದ ಸೈನ್ಯದ ಎಂ16 ಇದಕ್ಕೆ ಒಳ್ಳೆಯ ಪಾಠ. ಶುರುವಿನಲ್ಲಿ ಅದರ ಟ್ವಿಸ್ಟ್ ಹದಿನಾಲ್ಕಕ್ಕೊಂದು. ಧ್ರುವ ಪ್ರದೇಶದಂಥ ಚಳಿಯಲ್ಲಿ 55 ಗ್ರೇನ್ ಗುಂಡು ಸರಿಯಾಗಿ ನಿಲ್ಲಲಿಲ್ಲ. ಹನ್ನೆರಡಕ್ಕೊಂದು ಮಾಡಿದರು. 1980ರ ದಶಕದಲ್ಲಿ ಉದ್ದನೆಯ ಗುಂಡು ಬಂತು, ಅದಕ್ಕಿಂತ ಉದ್ದದ, ಹಾದಿಯುದ್ದಕ್ಕೂ ಬೆಳಕು ಬಿಡುವ ಟ್ರೇಸರ್ ಗುಂಡು ಬಂತು. ಎಂ16ಎ2ನಲ್ಲಿ ಒಂದೇ ಸಲಕ್ಕೆ ಏಳಕ್ಕೊಂದು ಮಾಡಿದರು. ರೈಫಲ್ಲಿನ ಹೆಸರು ಅದೇ, ಗುಂಡಿನ ವ್ಯಾಸ ಅದೇ. ಗುಂಡಿನ ಉದ್ದ ಮತ್ತು ಗಾಳಿ ಹೇಳಿದ ಹಾಗೆ ಬ್ಯಾರೆಲ್ ಬದಲಾಗುತ್ತಾ ಹೋಯಿತು.

ಹಾಗಾದರೆ ಎಲ್ಲರೂ ಬಿಗಿ ಟ್ವಿಸ್ಟ್ ತಗೊಂಡರೆ ಆಯ್ತಲ್ವಾ? ಇಲ್ಲ. ಯಾವ ಗುಂಡೂ ನೂರಕ್ಕೆ ನೂರು ಸಮತೋಲದಲ್ಲಿ ಇರುವುದಿಲ್ಲ. ಸೀಸದ ಮೇಲಿನ ಹೊದಿಕೆ, ಅಂದರೆ ಜ್ಯಾಕೆಟ್ಟಿನ ತಾಮ್ರ, ಒಂದು ಕಡೆ ಕೂದಲಷ್ಟು ದಪ್ಪ ಇದ್ದರೂ ತೂಕದ ಕೇಂದ್ರ ಪಕ್ಕಕ್ಕೆ ಸರಿಯುತ್ತದೆ. ಲೇತ್‌ನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಓರೆಯಾಗಿ ಕೂತ ಜಾಬ್ 200 ಆರ್‌ಪಿಎಂನಲ್ಲಿ ಸುಮ್ಮನಿರುತ್ತದೆ, 2000ಕ್ಕೆ ಏರಿಸಿದರೆ ಇಡೀ ಮಷಿನ್ ನಡುಗುತ್ತದೆ. ಬ್ಯಾರೆಲ್ಲಿನ ಬಾಯಿ ದಾಟಿದ ತಕ್ಷಣ ಆ ಓರೆ ಗುಂಡನ್ನು ಪಕ್ಕಕ್ಕೆ ಎಸೆಯುತ್ತದೆ. ಸುತ್ತು ಹೆಚ್ಚಾದಷ್ಟೂ ಎಸೆತ ಹೆಚ್ಚು. ಅದಕ್ಕೇ ರೈಫಲ್ಲನ್ನು ಬೆಂಚಿನ ಮೇಲಿಟ್ಟು 100, 200 ಗಜಕ್ಕೆ ಹೊಡೆಯುವ ಬೆಂಚ್‌ರೆಸ್ಟ್‌ನವರು ಗಿಡ್ಡ ಗುಂಡು ಹಾಕಿ, ಅದಕ್ಕೆ ಸಾಕಾಗುವಷ್ಟು ಮಾತ್ರ ಟ್ವಿಸ್ಟ್ ಇಟ್ಟುಕೊಳ್ಳುತ್ತಾರೆ. ಇನ್ನೊಂದು ತೊಂದರೆ, ತೆಳು ಜ್ಯಾಕೆಟ್ಟಿನ ಹಗುರ ಗುಂಡನ್ನು ಏಳಕ್ಕೊಂದು ಬ್ಯಾರೆಲ್ಲಿನಲ್ಲಿ 3,200 ಅಡಿ ವೇಗಕ್ಕೆ ತಳ್ಳಿದರೆ ನಿಮಿಷಕ್ಕೆ ಮೂರು ಲಕ್ಷ ಸುತ್ತು ದಾಟುತ್ತದೆ. ಗುಂಡು ಬೋರ್ಡ್ ತಲುಪುವ ಮೊದಲೇ ಸಿಡಿದು ಪುಡಿಯಾಗಬಹುದು.

ಆದರೂ ದೂರದ ಗುರಿಗೆ ನನ್ನ ಮತ ಇಷ್ಟು: ಅನುಮಾನ ಇದ್ದರೆ ಒಂದು ಹೆಜ್ಜೆ ಬಿಗಿ ಕಡೆಗೆ ಹೋಗಿ. ಈಗಿನ ಒಳ್ಳೆಯ ಮ್ಯಾಚ್ (ಪಂದ್ಯದ) ಗುಂಡುಗಳ ಜ್ಯಾಕೆಟ್ ತುಂಬಾ ಸಮ ಇರುತ್ತದೆ. ಜಾಸ್ತಿ ಸುತ್ತಿನಿಂದ ಕಳೆದುಕೊಳ್ಳುವುದು ಅಳೆಯಲು ಕಷ್ಟವಾಗುವಷ್ಟು ಕಡಿಮೆ. ಸುತ್ತು ಸಾಕಾಗದೆ ಕಳೆದುಕೊಳ್ಳುವುದು 1000 ಗಜದಲ್ಲಿ ಎಲ್ಲರಿಗೂ ಕಾಣುತ್ತದೆ.

ಈಗಾಗಲೇ ರೈಫಲ್ ಇದ್ದು ಟ್ವಿಸ್ಟ್ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಮನೆಯಲ್ಲೇ ಅಳೆಯಬಹುದು. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆದಿಡಿ. ತಾನಾಗಿ ತಿರುಗುವ ಹಿಡಿ ಇರುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ. ರಾಡಿನ ಮೇಲೆ ಒಂದು ಚೂರು ಟೇಪನ್ನು ಬಾವುಟದ ಹಾಗೆ ಅಂಟಿಸಿ. ನಿಧಾನಕ್ಕೆ ತಳ್ಳುತ್ತಾ ಹೋದರೆ ಟೇಪ್ ತಿರುಗುತ್ತದೆ. ಅದು ಒಂದು ಸುತ್ತು ಮುಗಿಸಿ ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ ಎಷ್ಟು ಒಳಗೆ ಹೋಯಿತು ಅಂತ ಸ್ಕೇಲ್ ಹಿಡಿದು ನೋಡಿ. ಬಟ್ಟೆ ಸಡಿಲ ಇದ್ದರೆ ಜಾರಿ ತಪ್ಪು ಅಳತೆ ಬರುತ್ತದೆ, ಅದಕ್ಕೇ ಬಿಗಿ ಇರಲಿ.

ಈಗ ಉದ್ದದ ವಿಷಯ. ಉದ್ದ ಬ್ಯಾರೆಲ್ ಅಂದರೆ ಗುರಿ ಚೆನ್ನಾಗಿರುತ್ತದೆ ಅಂತ ಊರಲ್ಲೂ ಇಲ್ಲೂ ಎಲ್ಲರೂ ನಂಬಿದ್ದಾರೆ. ಬ್ಯಾರೆಲ್ಲಿನ ಮಟ್ಟಿಗೆ ಅದು ನಿಜವಲ್ಲ. ಒಂದೇ ದಪ್ಪದ 24 ಇಂಚಿನ ಬ್ಯಾರೆಲ್ಲಿಗೆ ಹೋಲಿಸಿದರೆ 30 ಇಂಚಿನದು ತನ್ನ ತುದಿಯಲ್ಲಿ ಹೆಚ್ಚು ಕಡಿಮೆ ಎರಡರಷ್ಟು ಬಾಗುತ್ತದೆ, ಯಾಕೆಂದರೆ ಬಾಗುವುದು ಉದ್ದದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಗಿಡ್ಡ ಬ್ಯಾರೆಲ್ಲೇ ಗಟ್ಟಿ. ಉದ್ದದಿಂದ ಸಿಗುವುದು ಎರಡೇ ಲಾಭ. ಒಂದು, ಟೆಲಿಸ್ಕೋಪ್ ಇಲ್ಲದೆ ಕಬ್ಬಿಣದ ಸೈಟ್ ನೋಡಿ ಗುರಿ ಇಡುವವರಿಗೆ ಹಿಂದಿನ ಸೈಟ್‌ಗೂ ಮುಂದಿನದಕ್ಕೂ ಅಂತರ ಹೆಚ್ಚಾಗುತ್ತದೆ. ಆಗ ಸಣ್ಣ ಓರೆಯೂ ಕಣ್ಣಿಗೆ ಕಾಣುತ್ತದೆ. ಎರಡು, ವೇಗ.

ಟೆಲಿಸ್ಕೋಪ್ ಹಾಕುವವರಿಗೆ ಮೊದಲನೆಯದು ಬೇಕಾಗಿಲ್ಲ. ಉಳಿದದ್ದು ವೇಗ ಮಾತ್ರ. .308ನಲ್ಲಿ ಒಂದು ಇಂಚಿಗೆ ಸೆಕೆಂಡಿಗೆ 20ರಿಂದ 25 ಅಡಿ ಸಿಗುತ್ತದೆ. 24ರಿಂದ 30ಕ್ಕೆ ಹೋದರೆ ಸುಮಾರು 130 ಅಡಿ. 300 ಗಜಕ್ಕೆ ಹೊಡೆಯುವವರಿಗೆ ಈ 130 ಅಡಿಯಿಂದ ಏನೂ ಆಗಬೇಕಾಗಿಲ್ಲ. 1000 ಗಜಕ್ಕೆ ಹೊಡೆಯುವವರಿಗೆ ಅದು ಬೇಕೇ ಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,120 ಅಡಿ, ಬಿಸಿಲಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಗುಂಡು ಆ ವೇಗಕ್ಕೆ ಇಳಿಯುವಾಗ ಅದರ ಸುತ್ತಲಿನ ಗಾಳಿ ಅಲ್ಲೋಲ ಕಲ್ಲೋಲವಾಗುತ್ತದೆ, ಕೆಲವು ಗುಂಡುಗಳು ಅಲ್ಲೇ ದಾರಿ ತಪ್ಪುತ್ತವೆ. ಸಿಯೆರಾದ 168 ಗ್ರೇನ್ ಇದಕ್ಕೆ ಹೆಸರುವಾಸಿ. 300 ಮೀಟರ್ ಪಂದ್ಯಕ್ಕೆಂದು ಮಾಡಿದ ಗುಂಡು ಅದು. 600 ಗಜದವರೆಗೆ ಬಲು ಚೆನ್ನ. 1000 ಗಜದಲ್ಲಿ ಶಬ್ದದ ವೇಗದ ಹತ್ತಿರ ಬಂದಾಗ ಅದರ ಬಾಲದ ಕೋನ ಕೈಕೊಡುತ್ತದೆ. ಟ್ವಿಸ್ಟ್ ಎಷ್ಟು ಬಿಗಿ ಮಾಡಿದರೂ ಅದಕ್ಕೆ ಮದ್ದಿಲ್ಲ. ಬೇರೆ ಗುಂಡೇ ಬೇಕು.

ಗಾಳಿಯ ಹೊಡೆತಕ್ಕೂ ವೇಗ ಬೇಕು. ಗಂಟೆಗೆ 10 ಮೈಲಿಯ ಅಡ್ಡಗಾಳಿಯಲ್ಲಿ, 185 ಗ್ರೇನ್ ಗುಂಡಿಗೆ ಈ 130 ಅಡಿ ವೇಗ 1000 ಗಜದಲ್ಲಿ ಐದರಿಂದ ಎಂಟು ಇಂಚಿನ ವ್ಯತ್ಯಾಸ ಮಾಡುತ್ತದೆ. ಎಫ್-ಕ್ಲಾಸ್ ಬೋರ್ಡಿನ ಹತ್ತರ ರಿಂಗ್ ಇರುವುದೇ 10 ಇಂಚು ಅಗಲ, ನಡುವಿನ ಎಕ್ಸ್ 5 ಇಂಚು. ಬೆನ್ ಏವರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಎಡಕ್ಕೂ ಬಲಕ್ಕೂ ಮಗುಚುವಾಗ ಆ ಐದು ಇಂಚಿನ ಬೆಲೆ ಏನು ಅಂತ ಅಲ್ಲಿ ಮಲಗಿದವರಿಗೇ ಗೊತ್ತು.

ಹಾಗಂತ ಎಷ್ಟು ಬೇಕಾದರೂ ಉದ್ದ ಇಡಲು ತೂಕದ ನಿಯಮ ಬಿಡುವುದಿಲ್ಲ. ಎಫ್-ಕ್ಲಾಸ್‌ನ ಎಫ್-ಟಿಆರ್ ವಿಭಾಗದಲ್ಲಿ .223 ಅಥವಾ .308 ಮಾತ್ರ. ಸ್ಕೋಪ್ (ಟೆಲಿಸ್ಕೋಪ್), ಬೈಪಾಡ್ (ಮುಂದಿನ ಎರಡು ಕಾಲಿನ ಆಸರೆ) ಎಲ್ಲಾ ಸೇರಿ 8.25 ಕಿಲೋ ದಾಟುವಂತಿಲ್ಲ. ಒಂದೂಕಾಲು ಇಂಚು ದಪ್ಪದ ನೇರ ಬ್ಯಾರೆಲ್ ಒಂದು ಇಂಚಿಗೆ ಹತ್ತಿರ ಹತ್ತಿರ 150 ಗ್ರಾಂ ತೂಗುತ್ತದೆ. 30 ಇಂಚು ಅಂದರೆ 4.4 ಕಿಲೋ ಅಲ್ಲೇ ಹೋಯಿತು. ಸ್ಕೋಪ್ ಒಂದು ಕಿಲೋ, ಬೋಲ್ಟ್ ಕೂರುವ ಆ್ಯಕ್ಷನ್ ಇನ್ನೊಂದು, ಭುಜಕ್ಕೆ ಆನಿಸುವ ಸ್ಟಾಕ್ ಒಂದೂವರೆ, ಬೈಪಾಡ್ ಅರ್ಧ, ಟ್ರಿಗರ್ ಮತ್ತು ಸ್ಕ್ರೂ. ಮಿತಿ ದಾಟಿಬಿಡುತ್ತದೆ. ಆಗ ಎರಡು ದಾರಿ. ಉದ್ದ ಕಡಿಮೆ ಮಾಡಿ, ಇಲ್ಲವೇ ತುದಿಯ ಕಡೆಗೆ ಸಣ್ಣಗಾಗುವ ಹೆವಿ ಪಾಲ್ಮಾ ಆಕಾರದ ಬ್ಯಾರೆಲ್ ತಗೊಳ್ಳಿ. ನಾನು ಎರಡನೆಯದಕ್ಕೇ ಓಟು ಹಾಕುತ್ತೇನೆ. ಬುಡದಲ್ಲಿ ದಪ್ಪ ಇದ್ದರೆ ಗಟ್ಟಿತನ ಬಹುಪಾಲು ಉಳಿಯುತ್ತದೆ, 30 ಇಂಚಿನ ವೇಗವೂ ಸಿಗುತ್ತದೆ, ಭಾರ ಮೂತಿಯ ಕಡೆಗೆ ವಾಲುವುದೂ ಕಡಿಮೆ.

ಬ್ಯಾರೆಲ್ಲಿನ ಬಾಯಿಯ ಬಗ್ಗೆ ಒಂದು ಮಾತು. ಉದ್ದವನ್ನು 29 ಮಾಡಿದಿರೋ 30 ಮಾಡಿದಿರೋ ಅನ್ನುವುದಕ್ಕಿಂತ, ಕತ್ತರಿಸಿದ ತುದಿ ಎಷ್ಟು ಸ್ವಚ್ಛ ಇದೆ ಅನ್ನುವುದು ಮುಖ್ಯ. ಗುಂಡನ್ನು ಬ್ಯಾರೆಲ್ ಕೊನೆಯ ಸಲ ಮುಟ್ಟುವುದು ಅಲ್ಲಿಯೇ. ಗೀರಿನ ಅಂಚಿನಲ್ಲಿ ಒಂದು ಕಡೆ ಮಾತ್ರ ಚಿಕ್ಕ ಬರ್ (ಲೋಹದ ಚೂಪು ಸಿಬಿರು) ಉಳಿದರೂ ಹಿಂದಿನ ಗ್ಯಾಸ್ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬಾಲವನ್ನು ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಹತ್ತಿಯ ಕಡ್ಡಿಯನ್ನು ಒಳಗಿನಿಂದ ಹೊರಗೆ ಎಳೆದು ನೋಡಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಬರ್ ಇದೆ ಅಂತ ಅರ್ಥ. ನಾನು ಬಾಯಿ ಕೊರೆಯುವಾಗ ಬ್ಯಾರೆಲ್ಲಿನ ಹೊರಮೈಯನ್ನು ನಂಬುವುದಿಲ್ಲ. ಒಳರಂಧ್ರಕ್ಕೇ ಡಯಲ್ ಇಟ್ಟು ಸೆಂಟರ್ ಮಾಡುತ್ತೇನೆ, ಹೊರಗೂ ಒಳಗೂ ಯಾವಾಗಲೂ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಇಂಡಿಯಾದಲ್ಲಿ ಓದುತ್ತಿರುವ ಗೆಳೆಯರಿಗೆ .22 ಬಗ್ಗೆಯೂ ಹೇಳಬೇಕು. ಅಲ್ಲಿ ಏರ್ ರೈಫಲ್ ಬಿಟ್ಟರೆ ರೈಫಲ್ ಪಂದ್ಯ ಅಂದರೆ ಬಹುತೇಕ 50 ಮೀಟರ್ .22. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಥ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಪಂದ್ಯ) ಕಂಚು ತಂದ ಮೇಲೆ ಈ ಪಂದ್ಯದ ಹೆಸರು ಮನೆಮನೆಗೂ ಮುಟ್ಟಿದೆ. ಇಲ್ಲಿ ಟ್ವಿಸ್ಟ್‌ನ ತಲೆನೋವು ಇಲ್ಲ. 40 ಗ್ರೇನ್ ಸೀಸದ ಗುಂಡಿಗೆ ಹದಿನಾರಕ್ಕೊಂದು ಅಂತ ಎಂದೋ ತೀರ್ಮಾನವಾಗಿದೆ. ಮ್ಯಾಚ್ ತೋಟೆಗಳ ವೇಗವನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಕೆಳಗೆ, 1,050ರಿಂದ 1,080 ಅಡಿಯ ಸುತ್ತಮುತ್ತ ಇಡುತ್ತಾರೆ. ಇಷ್ಟು ಕಡಿಮೆ ಮದ್ದು 16-20 ಇಂಚಿನೊಳಗೇ ತನ್ನ ಕೆಲಸ ಮುಗಿಸಿರುತ್ತದೆ. ಅದರಾಚೆ ಬ್ಯಾರೆಲ್ ವೇಗ ಕೊಡುವುದಿಲ್ಲ. ಅನ್‌ಶುಟ್ಜ್‌ನಂಥ ಕಂಪನಿಗಳು 69 ಸೆಂಟಿಮೀಟರಿನ ಬ್ಯಾರೆಲ್ಲನ್ನೂ ಮಾಡುತ್ತವೆ, 50 ಸೆಂಟಿಮೀಟರಿನದಕ್ಕೆ ಮುಂದೆ ಖಾಲಿ ಟ್ಯೂಬ್ ಸಿಕ್ಕಿಸಿಯೂ ಕೊಡುತ್ತವೆ. ಟ್ಯೂಬ್ ಇರುವುದು ಸೈಟಿನ ಅಂತರಕ್ಕೆ. ಗಿಡ್ಡ ಬ್ಯಾರೆಲ್ಲಿನಿಂದ ಗುಂಡು ಬೇಗ ಆಚೆ ಹೋಗುತ್ತದೆ, ಆ ಹೊತ್ತಿನಲ್ಲಿ ಕೈ ಅಲುಗಲು ಸಮಯ ಸಿಗುವುದಿಲ್ಲ. ನಿಂತು ಹೊಡೆಯುವವರಿಗೆ ಇದು ತುಂಬಾ ಒಳ್ಳೆಯದು. .22ನಲ್ಲಿ ದುಡ್ಡು ಸುರಿಯುವುದಾದರೆ ಬ್ಯಾರೆಲ್ ಉದ್ದಕ್ಕೆ ಬೇಡ, ಬೇರೆ ಬೇರೆ ಲಾಟ್‌ನ ತೋಟೆ ತಂದು ನಿಮ್ಮ ಬ್ಯಾರೆಲ್ಲಿಗೆ ಯಾವುದು ಹೊಂದುತ್ತದೆ ಅಂತ ಪರೀಕ್ಷೆ ಮಾಡಲು ಸುರಿಯಿರಿ.

ಅಕ್ಕನ ಮಗನ ವಿಷಯಕ್ಕೆ ಬರುತ್ತೇನೆ. ಅವನು ಮೊದಲ ವರ್ಷ 600 ಗಜಕ್ಕೆ, ಆಮೇಲೆ 1000ಕ್ಕೆ ಹೋಗಬೇಕು ಅಂತಿದ್ದಾನೆ. ತೋಟೆ ಮನೆಯಲ್ಲೇ ತುಂಬಿಸಿಕೊಳ್ಳುತ್ತಾನೆ. ಬರ್ಗರ್ ಕಂಪನಿಯ 185 ಗ್ರೇನ್ ಜಗ್ಗರ್‌ನಾಟ್ ಗುಂಡಿನಿಂದ ಶುರು ಮಾಡು ಅಂದೆ. ಹಿಂದಕ್ಕೆ ಒದೆಯುವುದು ತಡೆಯುವಷ್ಟಿರುತ್ತದೆ, ಮದ್ದಿನ ಅಳತೆ ಸ್ವಲ್ಪ ಆಚೀಚೆ ಆದರೂ ಮುನಿಸಿಕೊಳ್ಳುವುದಿಲ್ಲ. ಆ ಗುಂಡಿಗೆ ಹನ್ನೊಂದಕ್ಕೊಂದು ಸಾಕು. ಆದರೆ ಎಫ್-ಟಿಆರ್‌ನಲ್ಲಿ ಎರಡನೇ ವರ್ಷಕ್ಕೆ ಎಲ್ಲರಿಗೂ 200 ಗ್ರೇನಿನ ಆಸೆ ಹುಟ್ಟುತ್ತದೆ, ಅದಕ್ಕೆ ಹತ್ತಕ್ಕೊಂದು ಬೇಕು. .308 ಬ್ಯಾರೆಲ್ ಮೂರರಿಂದ ಐದು ಸಾವಿರ ಗುಂಡು ಬಾಳುತ್ತದೆ. ಅಷ್ಟರೊಳಗೆ ಮನಸ್ಸು ಬದಲಾಗುವುದು ಖಂಡಿತ. ಹಾಗಾಗಿ ಹತ್ತಕ್ಕೊಂದೇ ಇರಲಿ ಅಂದೆ. 155 ಗ್ರೇನಿನ, ಪಾಲ್ಮಾ ಅನ್ನುವ ದೂರದ ಗುರಿಯ ಪಂದ್ಯದ ಗುಂಡೇ ಸಾಕು ಅನ್ನುವವರಾಗಿದ್ದರೆ ಹದಿಮೂರಕ್ಕೊಂದು ಬರೆಸುತ್ತಿದ್ದೆ, ಅದರಲ್ಲಿ ಮಿಲ್ಲರ್ ಅಂಕಿ 1.7ರ ಹತ್ತಿರ ಬರುತ್ತದೆ.

ಬ್ಯಾರೆಲ್ ಮಾಡುವವರು ಆರ್ಡರ್ ತಗೊಂಡ ಮೇಲೆ ತಿಂಗಳುಗಟ್ಟಲೆ ಕಾಯಿಸುತ್ತಾರೆ. ಫಾರಂನಲ್ಲಿ ಅವನಿಗೆ ಬರೆಸಿದ್ದು ಇಷ್ಟು: 416ಆರ್ ಸ್ಟೇನ್‌ಲೆಸ್ ಸ್ಟೀಲ್, ಬೋರ್ (ಗೀರುಗಳ ನಡುವಿನ ಏಣಿನಿಂದ ಏಣಿಗೆ) .300, ಗ್ರೂವ್ (ಗೀರಿನ ತಳದಿಂದ ತಳಕ್ಕೆ) .308, ಟ್ವಿಸ್ಟ್ ಹತ್ತಕ್ಕೊಂದು, ಹೆವಿ ಪಾಲ್ಮಾ ಆಕಾರ, ಕೆಲಸ ಮುಗಿದ ಮೇಲೆ 30 ಇಂಚು. ತೋಟೆ ಕೂರುವ ಜಾಗ, ಅಂದರೆ ಚೇಂಬರ್, ಕೊರೆಯುವವರಿಗೆ ಬೇರೆ ಚೀಟಿ: 185 ಮತ್ತು 200 ಎರಡೂ ಕೂರುವಷ್ಟು ಗಂಟಲು (ಚೇಂಬರ್ ಮುಗಿದು ಗೀರು ಶುರುವಾಗುವ ಜಾಗ) ಬಿಡಿ, ಜೊತೆಗೆ ಎರಡೂ ಗುಂಡುಗಳ ಸ್ಯಾಂಪಲ್ ಕಳಿಸುತ್ತೇವೆ. ಗುಂಡಿನ ಡಬ್ಬಿ ಎರಡನ್ನೂ ಅವನು ಆಗಲೇ ತರಿಸಿಟ್ಟುಕೊಂಡಿದ್ದಾನೆ. ಈ ವಾರ ಕೂತು ಒಂದೊಂದರ ಉದ್ದ ಅಳೆದು ನನಗೆ ಕಳಿಸಬೇಕು.